ಜಯನಗರದಿಂದ ರೋಮಿಗೆ ಒಂದು ದಿನದ ದಾರಿ

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಜಯನಗರ, ಬನಶಂಕರಿ, ಜೆ.ಪಿ. ನಗರದ ಶಾಲೆ ಕಾಲೇಜುಗಳಲ್ಲಿ ಒಂದೇ ಮಾತು: ಈ ಸಲ ಪ್ರವಾಸ ಎಲ್ಲಿಗೆ? ಬೇಲೂರು ಹಳೇಬೀಡು ಆಗಿದೆ. ಶ್ರೀರಂಗಪಟ್ಟಣವೂ ಆಗಿದೆ, ಅದೂ ಎರಡು ಸಲ. ಹುಡುಗರಿಗೆ ನೀರಿನಲ್ಲಿ ಜಾರುವ ಆಟದ ಉದ್ಯಾನದ ಮೇಲೆ ಮನಸ್ಸು. ಇತಿಹಾಸದ ಮೇಷ್ಟರಿಗೆ ಎಲ್ಲಿಯಾದರೂ ಒಂದು ಶಾಸನವಿದ್ದರೆ ಸಾಕು. ಪ್ರಿನ್ಸಿಪಾಲರಿಗೆ ರಾತ್ರಿ ಒಂಬತ್ತಕ್ಕೆ ಎಲ್ಲರೂ ಅವರವರ ಮನೆ ಸೇರಿದರೆ ಸಾಕು. ಈ ಮೂವರೂ ಒಪ್ಪಬಹುದಾದ ಒಂದು ದಾರಿಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಬೆಳಗ್ಗೆ ರೋಮನರ ನಾಣ್ಯ ಚಲಾವಣೆಯಲ್ಲಿದ್ದ ಒಂದು ಹಳೆಯ ಪಟ್ಟಣ, ಸಂಜೆಗೆ ಒಂದು ದ್ರಾಕ್ಷಿ ತೋಟ. ಪಾಸ್‌ಪೋರ್ಟ್ ಬೇಡ. ಚಿತ್ರದುರ್ಗದವರೆಗೆ ಹೋಗಿಬರುವ ಬಸ್ಸಿನ ಬಾಡಿಗೆ ಇದ್ದರಾಯಿತು.

ರೋಮನರ ಊರು, ದ್ರಾಕ್ಷಿ ತೋಟ ಎಂದೊಡನೆ ನಿಮ್ಮ ಮನಸ್ಸಿಗೆ ಬರುವುದು ಇಟಲಿ, ಅದರಲ್ಲಿಯೂ ಪಾಂಪೇಯಿ. ಅಲ್ಲಿಯ ವಿದ್ಯಾರ್ಥಿಗಳು ಬುತ್ತಿ ಕಟ್ಟಿಕೊಂಡು ಒಂದು ದಿನದ ಮಟ್ಟಿಗೆ ಹೋಗಿ ನೋಡಿಬರುವ ಊರು ಅದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತ ಬೆಂಕಿ ಉಗುಳಿ, ಊರಿಗೆ ಊರೇ ಬೂದಿಯ ಕೆಳಗೆ ಹೂತುಹೋಯಿತು. ಅಗೆದಾಗ ಬೀದಿ, ಅಂಗಡಿ, ರೊಟ್ಟಿ ಸುಡುವ ಒಲೆ, ಗೋಡೆಯ ಮೇಲಿನ ಚುನಾವಣೆಯ ಬರಹ ಎಲ್ಲವೂ ಇದ್ದ ಹಾಗೆಯೇ ಹೊರಬಂದವು. ನೋಡಲು ಕಷ್ಟಪಡಬೇಕಾದ್ದಿಲ್ಲ. ಆದರೆ ಆ ಪಾಂಪೇಯಿಯಲ್ಲಿಯೂ ನೋಡಲು ಏನೂ ಇಲ್ಲದ ಒಂದು ಜಾಗವಿತ್ತು. ನಮ್ಮ ಪ್ರವಾಸಕ್ಕೆ ಪಾಠ ಸಿಗುವುದು ಅಲ್ಲಿಂದಲೇ. ಕ್ರೀಡಾಂಗಣದ ಬಳಿ ಒಂದು ದೊಡ್ಡ ಬಯಲು. ಮನೆಯಿಲ್ಲ, ಗುಡಿಯಿಲ್ಲ. ಬಹುಕಾಲ ವಿದ್ವಾಂಸರು ಅದನ್ನು ದನದ ಸಂತೆ ನಡೆಯುತ್ತಿದ್ದ ಸ್ಥಳವೆಂದು ಕರೆದು ಸುಮ್ಮನಾದರು. 1966ರಿಂದ ಮುಂದಕ್ಕೆ ವಿಲ್ಹೆಲ್ಮಿನಾ ಜಶೆಮ್‌ಸ್ಕಿ ಎಂಬ ಅಮೆರಿಕದ ವಿದುಷಿ ಅಲ್ಲಿ ಅಗೆಸಿದರು. ಎರಡು ಸಾವಿರ ವರ್ಷದ ಹಿಂದಿನ ಬೇರು ಉಳಿಯುವುದುಂಟೆ? ಅದು ಕೊಳೆತುಹೋಗಿತ್ತು. ಆದರೆ ಬೇರು ಇದ್ದೆಡೆ ಮಣ್ಣಿನಲ್ಲಿ ಪೊಳ್ಳು ಉಳಿದಿತ್ತು. ಆಕೆ ಆ ಪೊಳ್ಳುಗಳಿಗೆ ಸಿಮೆಂಟು ಹೊಯ್ದು, ಅದು ಗಟ್ಟಿಯಾದ ಮೇಲೆ ಸುತ್ತಲ ಮಣ್ಣು ಬಿಡಿಸಿ ನೋಡಿದರು. ಬೇರಿನ ಅಚ್ಚು ಕೈಗೆ ಬಂತು. ಹೀಗೆ ಎಣಿಸುತ್ತ ಹೋದಂತೆ ಎರಡು ಸಾವಿರಕ್ಕೂ ಹೆಚ್ಚು ದ್ರಾಕ್ಷಿ ಬಳ್ಳಿಗಳು, ಒಂದೊಂದರ ಪಕ್ಕದಲ್ಲಿಯೂ ಊರುಗೋಲಿನ ಗುಳಿ, ಸಾಲು ತಪ್ಪದೆ ನಿಂತ ಲೆಕ್ಕ ಸಿಕ್ಕಿತು. ದನದ ಸಂತೆ ಎಂದಿದ್ದದ್ದು ಊರೊಳಗಿನ ದ್ರಾಕ್ಷಿ ತೋಟವಾಗಿತ್ತು! 1996ರಲ್ಲಿ ಇಟಲಿಯ ಒಂದು ಹಳೆಯ ಮದ್ಯ ತಯಾರಕರ ಮನೆತನದವರು ಅಂಥ ತೋಟಗಳಲ್ಲಿ ಹಿಂದಿನ ಕ್ರಮದಲ್ಲಿಯೇ ಮತ್ತೆ ಬಳ್ಳಿ ನೆಟ್ಟರು. 2001ರಲ್ಲಿ ಅದರಿಂದ ಮೊದಲ ದ್ರಾಕ್ಷಾರಸ ಇಳಿಯಿತು.

ಬಯಲು ಎಂದರೆ ಬರಿದು ಎಂದಲ್ಲ. ಇದೊಂದನ್ನು ವಿದ್ಯಾರ್ಥಿಗಳ ಕಿವಿಯಲ್ಲಿ ಹಾಕಿ ಬಸ್ಸು ಹತ್ತಿಸಿದರೆ ನಮ್ಮ ದಾರಿ ಸುಗಮವಾಗುತ್ತದೆ. ಏಕೆಂದರೆ ನಾವು ನೋಡಹೊರಟ ಸ್ಥಳಗಳಲ್ಲಿ ಕಂಬವಿಲ್ಲ, ಕಮಾನಿಲ್ಲ.

ಬಸ್ಸು ಜಯನಗರ ನಾಲ್ಕನೆಯ ಬ್ಲಾಕಿನಿಂದ ಬೆಳಗಿನ ಐದಕ್ಕೆ ಹೊರಡಲಿ. ಅರ್ಧ ಗಂಟೆಯಾಗುವಷ್ಟರಲ್ಲಿ ತುಮಕೂರು ರಸ್ತೆ ಹಿಡಿಯುವ ಮುನ್ನ ಯಶವಂತಪುರ. ಹುಡುಗರು ತೂಕಡಿಸುತ್ತಿರುತ್ತಾರೆ, ಎಬ್ಬಿಸಿ. ರೋಮನರ ಮೊದಲ ನಿಲ್ದಾಣ ಇದೇ. 1891ರಲ್ಲಿ ಇಲ್ಲಿ ರೈಲು ಹಾದಿಗಾಗಿ ನೆಲ ಅಗೆಯುವಾಗ ಒಂದು ನಿಧಿ ಸಿಕ್ಕಿತು. ಅದರಲ್ಲಿದ್ದದ್ದು 163 ಬೆಳ್ಳಿಯ ನಾಣ್ಯ. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದ ರೋಮಿನ ಚಕ್ರವರ್ತಿಗಳ ಮುಖಗಳು ಅವುಗಳ ಮೇಲೆ. ಮತ್ತೆ 1965ರಲ್ಲಿ ನಗರದ ಇನ್ನೊಂದು ಮಗ್ಗುಲಲ್ಲಿ, ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ, ಇಂಥದೇ 256 ನಾಣ್ಯಗಳು ದೊರೆತವು. ಬೆಂಗಳೂರೆಂಬ ಹೆಸರು ಮೊದಲು ಕಾಣಿಸುವುದು ಬಿ.ಟಿ.ಎಂ. ಬಡಾವಣೆಯ ಆಚೆಗಿರುವ ಬೇಗೂರಿನ ವೀರಗಲ್ಲಿನಲ್ಲಿ. ಅದರ ಕಾಲ ಸುಮಾರು ಕ್ರಿ.ಶ. 890. ಆ ಕಲ್ಲು ಕೆತ್ತುವುದಕ್ಕೆ ಎಂಟು ನೂರು ವರ್ಷ ಮೊದಲೇ ಯಶವಂತಪುರದ ನಾಣ್ಯಗಳು ಟಂಕಸಾಲೆಯಿಂದ ಹೊರಬಿದ್ದಿದ್ದವು.

ಈ ನಾಣ್ಯಕ್ಕೆ ಡಿನೇರಿಯಸ್ ಎಂದು ಹೆಸರು. ತೂಕ ನಾಲ್ಕು ಗ್ರಾಮಿಗೆ ಸ್ವಲ್ಪ ಕಡಮೆ. ಸಂಸ್ಕೃತದಲ್ಲಿ ಚಿನ್ನದ ನಾಣ್ಯಕ್ಕೆ ‘ದೀನಾರ’ ಎನ್ನುತ್ತೇವಲ್ಲ, ಅದು ಈ ಪದದಿಂದಲೇ ಬಂದದ್ದು. ಇದರ ಬೆಲೆ ಎಷ್ಟೆಂದು ಹುಡುಗರು ಕೇಳಿಯೇ ಕೇಳುತ್ತಾರೆ. ಉತ್ತರ ಬೈಬಲಿನಲ್ಲಿದೆ. ಮತ್ತಾಯನ ಸುವಾರ್ತೆಯಲ್ಲಿ ದ್ರಾಕ್ಷಿ ತೋಟದ ಕೂಲಿಯಾಳುಗಳ ಕಥೆ ಬರುತ್ತದೆ: ಬೆಳಗ್ಗೆ ಬಂದವನಿಗೂ ಹೊತ್ತು ಇಳಿದ ಮೇಲೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ, ಬೆಳಗ್ಗೆ ಬಂದವರು ಗೊಣಗುತ್ತಾರೆ. ಆ ಕೂಲಿ ದಿನಕ್ಕೆ ಒಂದು ಡಿನೇರಿಯಸ್. ಆ ಲೆಕ್ಕದಲ್ಲಿ ಯಶವಂತಪುರದ ನಿಧಿ ಒಬ್ಬ ತೋಟದಾಳಿನ ಐದು ತಿಂಗಳಿಗೆ ಮೀರಿದ ದುಡಿಮೆ, ಎಚ್.ಎ.ಎಲ್. ಬಳಿಯ ನಿಧಿ ಎಂಟು ತಿಂಗಳಿಗೂ ಹೆಚ್ಚಿನದು. ಹೂತಿಟ್ಟವನು ಯಾರು, ಮತ್ತೆ ಬಂದು ಏಕೆ ತೆಗೆಯಲಿಲ್ಲ ಎಂಬುದನ್ನು ನಾಣ್ಯ ಹೇಳುವುದಿಲ್ಲ. ಅಪಾಯ ಬಂದಿತ್ತೋ, ಸಾವು ಬಂದಿತ್ತೋ! ತಂದೆ ಮಗನಿಗೆ ಜಾಗ ಹೇಳದೆ ಕಣ್ಣು ಮುಚ್ಚಿದ್ದು ನಮ್ಮಲ್ಲಿ ಹೊಸದೇನಲ್ಲ.

ನೆಲಮಂಗಲ ದಾಟಿದ ಮೇಲೆ ರಸ್ತೆ ನೇರ. ಆಗ ಬಸ್ಸಿನಲ್ಲಿ ಒಂದು ಪ್ರಶ್ನೆ ಇಡಿ. ಈ ಬೆಳ್ಳಿ ಇಲ್ಲಿಗೆ ಬಂದದ್ದೇಕೆ? ಪ್ಲಿನಿ ಎಂಬ ರೋಮನ್ ಪಂಡಿತ ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಗೋಳಾಡಿಕೊಂಡಿದ್ದಾನೆ: ಹಿಂದೂಸ್ಥಾನ ವರ್ಷಂಪ್ರತಿ ನಮ್ಮಿಂದ ಐದು ಕೋಟಿ ಸೆಸ್ಟರ್ಸ್ ಹಣ ಸೆಳೆಯುತ್ತಿದೆ ಎಂದು. ನಾಲ್ಕು ಸೆಸ್ಟರ್ಸಿಗೆ ಒಂದು ಡಿನೇರಿಯಸ್. ಮೆಣಸು, ಮುತ್ತು, ನವುರು ಬಟ್ಟೆ, ದಂತ, ಹರಳು ಇಲ್ಲಿಂದ ಹೋಗುತ್ತಿದ್ದವು. ಅಲ್ಲಿಂದ ಬರುತ್ತಿದ್ದ ಸರಕಿನ ಪಟ್ಟಿ, ಅದೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ನಾವಿಕರ ಕೈಪಿಡಿ ‘ಪೆರಿಪ್ಲಸ್’ನಲ್ಲಿದೆ. ಭರುಕಚ್ಛಕ್ಕೆ ಇಳಿಯುತ್ತಿದ್ದ ಸಾಮಾನುಗಳಲ್ಲಿ ದ್ರಾಕ್ಷಾಮದ್ಯವೂ ಒಂದು. ಇಟಲಿಯದಾದರೆ ಮೇಲು ಎಂದು ಆ ಅನುಭವಸ್ಥ ಬರೆದಿಟ್ಟಿದ್ದಾನೆ. ಪುದುಚ್ಚೇರಿಯ ಬಳಿಯ ಅರಿಕಮೇಡಿನಲ್ಲಿ ಆ ಮದ್ಯದ ಎರಡು ಹಿಡಿಯ ಉದ್ದನೆಯ ಜಾಡಿಗಳ ಚೂರುಗಳೇ ಸಿಕ್ಕಿವೆ. ನಮ್ಮವರು ಲೇವಾದೇವಿಯಲ್ಲಿ ಪಳಗಿದವರು ಎಂಬುದಕ್ಕೂ ಸಾಕ್ಷಿಯುಂಟು. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ಬೆಳ್ಳಿಯ ನಾಣ್ಯಕ್ಕೆ ಕೀಳು ಲೋಹ ಬೆರೆಸಿದ. ನಮ್ಮ ದಕ್ಷಿಣದ ನಿಧಿಗಳಲ್ಲಿ ಹೆಚ್ಚಾಗಿ ಕಾಣುವುದು ಅದಕ್ಕೆ ಹಿಂದಿನ ಒಳ್ಳೆಯ ನಾಣ್ಯಗಳೇ.

ಕೊಟ್ಟು ಕೊಳ್ಳುವುದು ಒಂದೇ ದಿಕ್ಕಿನದಾಗಿರಲಿಲ್ಲ. 1938ರಲ್ಲಿ ಪಾಂಪೇಯಿಯ ಒಂದು ಮನೆಯಲ್ಲಿ ಭಾರತದಿಂದ ಹೋದ ದಂತದ ಸ್ತ್ರೀವಿಗ್ರಹವೊಂದು ಸಿಕ್ಕಿತು. ಮೈತುಂಬ ಒಡವೆ, ಇಬ್ಬದಿಯಲ್ಲಿ ಸೇವಕಿಯರು; ಈಗ ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿದೆ. ಇನ್ನು ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಪಪೈರಸ್ ಹಾಳೆಯೊಂದರ ಮೇಲಿನ ಗ್ರೀಕ್ ಪ್ರಹಸನದ ಕಥೆ ಕನ್ನಡಿಗರಲ್ಲಿ ಅನೇಕರಿಗೆ ಗೊತ್ತು. 1903ರಲ್ಲಿ ಅದು ಅಚ್ಚಾಯಿತು. ಅದರಲ್ಲಿ ಹಿಂದೂಸ್ಥಾನದ ದೊರೆಯೊಬ್ಬನ ಸೆರೆಯಲ್ಲಿರುವ ಗ್ರೀಕ್ ಹುಡುಗಿಯನ್ನು ಅವಳ ಕಡೆಯವರು ಬಿಡಿಸಿಕೊಂಡು ಹೋಗುತ್ತಾರೆ. ಉಪಾಯವೇನೆಂದರೆ ದೊರೆಗೂ ಅವನ ಪರಿವಾರಕ್ಕೂ ದ್ರಾಕ್ಷಾಮದ್ಯ ಕುಡಿಸುವುದು! ಅಲ್ಲಿ ಆ ಜನರು ಆಡುವ ಅರ್ಥವಾಗದ ಮಾತುಗಳು ಕನ್ನಡವಿರಬೇಕೆಂದು ಹುಲ್ಟ್ಜ್ ಎಂಬ ಜರ್ಮನ್ ವಿದ್ವಾಂಸರು ಸೂಚಿಸಿದರು; ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಕುರಿತು ವಿಚಾರ ಮಾಡಿದರು. ಅದು ಕನ್ನಡವೇ ಅಲ್ಲವೇ ಎಂಬ ವಾದ ಇನ್ನೂ ತೀರಿಲ್ಲ. ಬಸ್ಸಿನಲ್ಲಿ ಈ ವಾದವನ್ನು ಎಬ್ಬಿಸಿಬಿಟ್ಟರೆ ಸಿರಾ ಬರುವವರೆಗೆ ಯಾರೂ ನಿದ್ದೆ ಮಾಡುವುದಿಲ್ಲ.

ಸುಮಾರು 200 ಕಿಲೋಮೀಟರು ಸಾಗಿದರೆ ಚಿತ್ರದುರ್ಗ. ಇಲ್ಲಿ ಉಪಾಧ್ಯಾಯರು ಸ್ವಲ್ಪ ಗಟ್ಟಿ ಮನಸ್ಸು ಮಾಡಬೇಕಾಗುತ್ತದೆ. ಎದುರಿಗೆ ಏಳು ಸುತ್ತಿನ ಕೋಟೆ. ಒನಕೆ ಓಬವ್ವನ ಕಿಂಡಿ ನೋಡದೆ ಹೋಗುವುದೆಂದರೆ ಹುಡುಗರು ಒಪ್ಪುವುದು ಕಷ್ಟ. ಕೋಟೆಗೆ ಇನ್ನೊಂದು ದಿನ ಇಟ್ಟುಕೊಳ್ಳಿ. ಬಸ್ಸು ಬೆಟ್ಟದ ಮಗ್ಗುಲಿಗೆ ಚಂದ್ರವಳ್ಳಿಗೆ ತಿರುಗಲಿ.

ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ, ಈ ಮೂರರ ನಡುವಿನ ಕಣಿವೆಯೇ ಚಂದ್ರವಳ್ಳಿ. ಒಂದು ಕೆರೆ. ಕೆರೆಯ ಬಳಿ ಬಂಡೆಗಳ ರಾಶಿ, ಬಂಡೆಯ ಸಂದಿನಲ್ಲಿ ಅಂಕಲಿ ಮಠದ ಗುಹೆಗಳು, ಭೈರವೇಶ್ವರನ ಗುಡಿ. ಗುಹೆಯೊಳಕ್ಕೆ ದೀಪ ಹಿಡಿದು ಕರೆದೊಯ್ಯುವವರು ಇರುತ್ತಾರೆ. ಕತ್ತಲ ಮೆಟ್ಟಿಲು ಇಳಿದು ಹತ್ತಿ ಬರುವುದರಲ್ಲಿ ಹುಡುಗರಿಗೆ ಕೋಟೆ ತಪ್ಪಿದ ದುಃಖ ಮರೆತುಹೋಗುತ್ತದೆ. ಆಮೇಲೆ ಅವರನ್ನು ಬಯಲಿನಲ್ಲಿ ಕೂರಿಸಿ, ಊರು ಎಲ್ಲಿದೆ ತೋರಿಸಿ ಎನ್ನಿ. ಸುತ್ತ ನೋಡುತ್ತಾರೆ. ಹುಲ್ಲು, ಕಲ್ಲು, ಮಣ್ಣು. ಏನೂ ಇಲ್ಲ ಸಾರ್ ಎನ್ನುತ್ತಾರೆ. ಪ್ರವಾಸ ಪ್ರಾರಂಭವಾಗುವುದು ಆ ಮಾತಿನಿಂದ.

ಈ ಏನೂ ಇಲ್ಲದ ಸ್ಥಳವನ್ನು ಮೂರು ತಲೆಮಾರಿನ ವಿದ್ವಾಂಸರು ಅಗೆದು ನೋಡಿದರು. ಮೊದಲು ‘ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಪದ್ಯಗಳ ಕಾಲನಿರ್ಣಯ ಮಾಡಿದ ಕೈಯೇ ಇಲ್ಲಿ ಮಣ್ಣನ್ನೂ ಕೆದಕಿತು. ಅನಂತರ 1929ರ ಸುಮಾರಿನಲ್ಲಿ ಮೈಸೂರು ಸಂಸ್ಥಾನದ ಪ್ರಾಕ್ತನ ಇಲಾಖೆಯ ಎಂ.ಎಚ್. ಕೃಷ್ಣ ಅವರು ವ್ಯವಸ್ಥಿತವಾಗಿ ಅಗೆಸಿದರು. ಇಟ್ಟಿಗೆಯ ಕಟ್ಟಡಗಳ ತಳಪಾಯ, ಮಣಿಗಳು, ಮಡಕೆ ಕುಡಿಕೆ, ಶಾತವಾಹನರ ಕಾಲದ ಸೀಸದ ನಾಣ್ಯಗಳು ಹೊರಬಂದವು. ಸೀಸದ ನಾಣ್ಯಗಳಲ್ಲಿ ಕೆಲವು ಮಹಾರಠಿ ಎಂಬ ಬಿರುದಿನ ಸ್ಥಳೀಯ ಒಡೆಯರವು. ಅಂಥ ಒಬ್ಬನ ಹೆಸರು ಸದಕಣ ಕಳಲಾಯ. ಇವುಗಳ ಜೊತೆಯಲ್ಲಿ ಆಗಸ್ಟಸ್, ಟೈಬೀರಿಯಸರ ಬೆಳ್ಳಿ ನಾಣ್ಯಗಳೂ ಚಂದ್ರವಳ್ಳಿಯಲ್ಲಿ ದೊರೆತಿವೆ. ಸಣ್ಣ ಪುಟ್ಟ ವ್ಯಾಪಾರಕ್ಕೆ ಸೀಸ, ದೂರದ ವ್ಯಾಪಾರಕ್ಕೆ ಬೆಳ್ಳಿ ಎಂದು ಊಹಿಸಬಹುದು. ಇಂದು ನಮ್ಮ ಜೇಬಿನಲ್ಲಿ ಚಿಲ್ಲರೆ, ಪೆಟ್ಟಿಗೆಯಲ್ಲಿ ಚಿನ್ನ ಇರುವ ಹಾಗೆ.

ಮೂರನೆಯವರು ಭಾರತದ ಪ್ರಾಕ್ತನ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್. ಅವರು 1947ರಲ್ಲಿ ಚಂದ್ರವಳ್ಳಿಯನ್ನೂ ಇದೇ ಜಿಲ್ಲೆಯ ಬ್ರಹ್ಮಗಿರಿಯನ್ನೂ ಅಗೆದರು. ಅವರು ಇಲ್ಲಿಗೆ ಬಂದ ಕಾರಣವೇ ಒಂದು ಒಳ್ಳೆಯ ಪತ್ತೇದಾರಿ ಕಥೆ. ವಿದ್ಯಾರ್ಥಿಗಳಿಗೆ ನಿಧಾನವಾಗಿ ಹೇಳಬೇಕು. ದಕ್ಷಿಣದ ನೆಲದಲ್ಲಿ ಹೇರಳವಾಗಿ ಮಡಕೆ ಚೂರು ಸಿಗುತ್ತದೆ. ಆದರೆ ಯಾವ ಚೂರು ಯಾವ ಕಾಲದ್ದು ಎಂದು ಹೇಳುವ ಕೈಮರವೇ ಇರಲಿಲ್ಲ. 1945ರಲ್ಲಿ ವೀಲರ್ ಅರಿಕಮೇಡಿನಲ್ಲಿ ಅಗೆದಾಗ ಇಟಲಿಯ ಅರೆಟ್ಸೊ ಊರಿನ ಕೆಂಪು ಮಡಕೆಯ ಚೂರುಗಳು ಸಿಕ್ಕವು. ಅವುಗಳ ಕಾಲ ಯೂರೋಪಿನಲ್ಲಿ ಮೊದಲೇ ಗೊತ್ತಿತ್ತು: ಕ್ರಿಸ್ತಶಕ ಮೊದಲನೆಯ ಶತಮಾನದ ಮೊದಲ ಅರ್ಧ. ಅವುಗಳ ಸಹವಾಸದಲ್ಲಿ ಇನ್ನೊಂದು ಬಗೆಯ ತಟ್ಟೆಯ ಚೂರು ಸಿಕ್ಕಿತು. ನಯವಾದ ತಟ್ಟೆ, ಒಳಗಡೆ ತಳದಲ್ಲಿ ಹಲ್ಲಿನ ಚಕ್ರ ಉರುಳಿಸಿದಂತೆ ಸುತ್ತುಸುತ್ತಾಗಿ ಸಣ್ಣ ಕಚ್ಚು. ಇದಕ್ಕೆ ರೂಲೆಟೆಡ್ ಮಡಕೆ ಎಂದು ಹೆಸರಾಯಿತು. ಇದೇ ಚೂರು ನಮ್ಮ ಚಂದ್ರವಳ್ಳಿಯಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಉಂಟು. ಹಾಗಾದರೆ ಈ ಚೂರು ಸಿಕ್ಕ ಮಣ್ಣಿನ ಪದರಕ್ಕೆ ಕಾಲ ಸಿಕ್ಕಿತು. ಅದರ ಕೆಳಗಿನ ಪದರ ಅದಕ್ಕಿಂತ ಹಿಂದಿನದು: ಕಲ್ಲುಗೋರಿಗಳನ್ನು ಕಟ್ಟಿದ ಕಬ್ಬಿಣದ ಕಾಲದ ಜನ. ಅದಕ್ಕೂ ಕೆಳಗೆ ನುಣುಪು ಮಾಡಿದ ಕಲ್ಲುಕೊಡಲಿಯ ಜನ. ಇಟಲಿಯ ಒಂದು ಕುಂಬಾರನ ಕೈಕೆಲಸದಿಂದ ಚಿತ್ರದುರ್ಗದ ನೆಲಕ್ಕೆ ಇತಿಹಾಸದ ಮೆಟ್ಟಿಲು ಸಿಕ್ಕಿತು. ಟೈಬೀರಿಯಸನ ನಾಣ್ಯದ ಸಾಕ್ಷ್ಯವೂ ಇದಕ್ಕೆ ಸೇರಿತು. ಅವನು ಪಟ್ಟಕ್ಕೆ ಬಂದದ್ದು ಕ್ರಿ.ಶ. 14ರಲ್ಲಿ, ಅವನ ನಾಣ್ಯವಿರುವ ಪದರ ಅದಕ್ಕಿಂತ ಹಿಂದಿನದಾಗಲಾರದು. ಎಷ್ಟು ಈಚಿನದೆಂದು ಮಾತ್ರ ನಾಣ್ಯವೊಂದರಿಂದಲೇ ಹೇಳಬರುವುದಿಲ್ಲ, ಹಳೆಯ ನಾಣ್ಯವನ್ನು ಬಹುಕಾಲ ಇಟ್ಟುಕೊಳ್ಳುವುದುಂಟು. ಈ ವ್ಯತ್ಯಾಸ ಅರಿತ ಹುಡುಗ ಪತ್ರಿಕೆಯಲ್ಲಿ ಬರುವ ಅರ್ಧ ಸುದ್ದಿಗಳಿಗೆ ಮೋಸಹೋಗುವುದಿಲ್ಲ.

ವೀಲರ್ ಹೇಳಿದ್ದೆಲ್ಲ ನಿಲ್ಲಲಿಲ್ಲ ಎಂಬುದನ್ನೂ ಮುಚ್ಚಿಡಬೇಡಿ. ರೂಲೆಟೆಡ್ ಮಡಕೆ ಮೆಡಿಟರೇನಿಯನ್ ಕಡೆಯಿಂದ ಬಂದದ್ದೆಂದು ಅವರು ತಿಳಿದಿದ್ದರು. ಜೇಡಿಯನ್ನು ಪರೀಕ್ಷಿಸಿದ ಮೇಲೆ ಅದು ಭಾರತದಲ್ಲಿಯೇ ಮಾಡಿದ್ದೆಂದು ಈಗ ಒಪ್ಪಿದ್ದಾರೆ. ಕಲ್ಲುಕೊಡಲಿಯವರ ಕಾಲವನ್ನು ಅವರು ಬಹಳ ಈಚೆಗೆ ತಂದಿದ್ದರು. ಇಂಗಾಲದ ವಿಕಿರಣ ಪರೀಕ್ಷೆ ಬಂದ ಮೇಲೆ ಕರ್ನಾಟಕದ ಆ ಜನ ಕ್ರಿ.ಪೂ. ಮೂರನೆಯ ಸಹಸ್ರಮಾನದಲ್ಲಿಯೇ ಇದ್ದರೆಂದು ತಿಳಿಯಿತು. ಆದರೂ ಪದರದ ಮೇಲೆ ಪದರವನ್ನು ಓದುವ ಅವರ ಕ್ರಮ ಉಳಿದಿದೆ.

ಚಂದ್ರವಳ್ಳಿಯಲ್ಲಿ ಕಣ್ಣಿಗೆ ಕಾಣುವ ಲಿಖಿತ ಸಾಕ್ಷ್ಯವೆಂದರೆ ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲಿನ ಶಾಸನ. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದನೆಂದು ಅದು ಹೇಳುತ್ತದೆ. ಕಾಲ ನಾಲ್ಕನೆಯ ಶತಮಾನ. ಅವನು ಗೆದ್ದ ಅರಸುಮನೆತನಗಳ ಪಟ್ಟಿಯೂ ಇದೆ. ಅದನ್ನು ಓದುವ ಬಗೆಯಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕೆರೆಯ ವಿಚಾರದಲ್ಲಿ ತಕರಾರಿಲ್ಲ. ಯುದ್ಧಗಳ ಬಗ್ಗೆ ಜಗಳವಾಡುತ್ತೇವೆ, ನೀರಿನ ಬಗ್ಗೆ ಒಪ್ಪುತ್ತೇವೆ. ಚಿತ್ರದುರ್ಗದ ಬಿಸಿಲಿನಲ್ಲಿ ನಿಂತಾಗ ಇದು ಸರಿಯೆಂದೇ ತೋರುತ್ತದೆ. ರೋಮಿನ ಬೆಳ್ಳಿ ಬಂದು ಎರಡು ಮೂರು ನೂರು ವರ್ಷವಾದ ಮೇಲೂ ಈ ಕಣಿವೆಯಲ್ಲಿ ಕೆರೆ ಕಟ್ಟಿಸುವಷ್ಟು ಜನ, ಬೇಸಾಯ ಇತ್ತೆಂಬುದಕ್ಕೆ ಇದು ಆಧಾರ.

ಅಲ್ಲಿ ಎರಡು ಗಂಟೆಯ ಕೆಲಸ ಕೊಡಿ. ನಾಲ್ಕು ನಾಲ್ಕು ಮಂದಿಯ ಗುಂಪು. ಒಂದು ಗುಂಪು ಹೆಜ್ಜೆ ಎಣಿಸಿ ಕೆರೆ, ಗುಡಿ, ಬಂಡೆಗಳ ನಕ್ಷೆ ಬರೆಯಲಿ. ಒಂದು ಗುಂಪು ಊರಿನಲ್ಲಿದ್ದವನು ನೀರಿಗೆ ಎಲ್ಲಿಗೆ ಹೋಗುತ್ತಿದ್ದ, ಶತ್ರು ಬಂದರೆ ಎಲ್ಲಿಗೆ ಹತ್ತುತ್ತಿದ್ದ ಎಂದು ನೋಡಲಿ. ನೆಲದ ಮೇಲೆ ಮಡಕೆ ಚೂರು ಕಂಡರೆ ಬಗ್ಗಿ ನೋಡಲಿ: ಒಳಗೆ ಕಪ್ಪು ಹೊರಗೆ ಕೆಂಪೆ, ಕಾವಿ ಬಣ್ಣದ ಮೇಲೆ ಬಿಳಿ ಗೆರೆಯೆ? ಮೊದಲನೆಯದು ಕಬ್ಬಿಣದ ಕಾಲದವರಿಂದ ಬಂದ ಬಗೆ, ಎರಡನೆಯದು ಶಾತವಾಹನರ ಕಾಲದ್ದು. ಚಿತ್ರ ಬರೆದುಕೊಳ್ಳಲಿ, ಫೋಟೊ ತೆಗೆಯಲಿ, ಚೀಲಕ್ಕೆ ಹಾಕಕೂಡದು. ಅದು ಇದ್ದ ಜಾಗ ತಪ್ಪಿದರೆ ಚೂರು ಮೂಕವಾಗುತ್ತದೆ. ಕಾನೂನಿನ ಮಾತೂ ಇದೆ. ನೆಲದಲ್ಲಿ ಹುದುಗಿದ್ದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಇಲ್ಲಿ ಸಿಕ್ಕ ಕೆಲವು ವಸ್ತುಗಳು, 1865ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿವೆ.

ಮಧ್ಯಾಹ್ನ ಕೆರೆಯ ದಡದಲ್ಲಿ ಬುತ್ತಿ. ಚಿತ್ರಾನ್ನ, ಮೊಸರನ್ನ ಸಾಕು. ಒಂದಕ್ಕೆ ಬಸ್ಸು ಹೊರಟುಬಿಡಬೇಕು. ಹಿರಿಯೂರಿನ ಬಳಿ ವಾಣಿವಿಲಾಸ ಸಾಗರದ ಹೆಸರು ಹೇಳಿ ಮುಂದಕ್ಕೆ ಹೋಗಿ. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರಲ್ಲಿ ತುಂಬಿ ಹರಿದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ 40 ಕಿಲೋಮೀಟರಿನಷ್ಟರಲ್ಲಿ ದೊಡ್ಡಬಳ್ಳಾಪುರ. ದೂರದಲ್ಲಿ ನಂದಿ ಬೆಟ್ಟ ಕಾಣುತ್ತದೆ. ರಸ್ತೆಯ ಮಗ್ಗುಲಲ್ಲಿ ದ್ರಾಕ್ಷಿಯ ಚಪ್ಪರಗಳು.

ಇಲ್ಲಿ ತಂದೆತಾಯಿಗಳ ಆಕ್ಷೇಪಣೆ ಬರುತ್ತದೆಂದು ಬಲ್ಲೆ. ದ್ರಾಕ್ಷಿ ತೋಟವೆಂದರೆ ಮದ್ಯದ ಕಾರ್ಖಾನೆಯೆ? ಈ ಕಡೆ ಅದೂ ಉಂಟು. ಕನ್ವಲ್ ಗ್ರೋವರ್ ಎಂಬವರು 1980ರ ದಶಕದಲ್ಲಿ ಫ್ರಾನ್ಸಿನ ತಜ್ಞರ ಸಲಹೆಯಿಂದ ಅಲ್ಲಿಯ ತಳಿಗಳನ್ನು ನಂದಿಯ ತಪ್ಪಲಿನಲ್ಲಿ ನೆಡಿಸಿ ವೈನ್ ಉದ್ಯಮ ಕಟ್ಟಿದರು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನಿಗೆಂದೇ ಒಂದು ನೀತಿ ತಂದಿತು. ಹುಳಿಯುವ ಕ್ರಿಯೆಯನ್ನು ರಸಾಯನಶಾಸ್ತ್ರದ ವಿದ್ಯಾರ್ಥಿ ನೋಡಿದರೆ ದೋಷವೇನೂ ಇಲ್ಲ. ಆದರೆ ನಮ್ಮ ಪ್ರವಾಸಕ್ಕೆ ಅದು ಬೇಕಾಗಿಲ್ಲ. ಸಾಧಾರಣ ರೈತರೊಬ್ಬರ ಎರಡು ಎಕರೆ ‘ಬೆಂಗಳೂರು ನೀಲಿ’ ದ್ರಾಕ್ಷಿಯ ತೋಟವೇ ಲೇಸು.

ಬೆಂಗಳೂರು ನೀಲಿ ನಿಮಗೆ ಗೊತ್ತಿರುವ ಹಣ್ಣೇ. ಜಯನಗರದ ಮಾರುಕಟ್ಟೆಯಲ್ಲಿ ಬುಟ್ಟಿ ತುಂಬ ಇಟ್ಟಿರುತ್ತಾರೆ: ದುಂಡಗೆ, ಕಪ್ಪುನೀಲಿ, ಮೇಲೆ ಬೂದಿ ಬಳಿದಂತೆ ಮಬ್ಬು, ಒತ್ತಿದರೆ ಸಿಪ್ಪೆ ಒಂದು ಕಡೆ ತಿರುಳು ಒಂದು ಕಡೆ, ಬೀಜ ಉಂಟು, ವಾಸನೆ ಹತ್ತು ಮಾರು ದೂರಕ್ಕೆ. ಬೀಜವಿಲ್ಲದ ಹಣ್ಣು ಬಂದ ಮೇಲೆ ಇದರ ಮರ್ಯಾದೆ ಸ್ವಲ್ಪ ತಗ್ಗಿದೆ, ಆದರೆ ರಸಕ್ಕೆ ಇದನ್ನು ಮೀರಿದ್ದಿಲ್ಲ ಎಂದು ನನ್ನ ಅಭಿಪ್ರಾಯ. ಊರ ಹೆಸರು ಹೊತ್ತಿದ್ದರೂ ಇದು ಪರದೇಶಿ ಗಿಡ. ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಇದರಲ್ಲಿದೆ. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಮಣ್ಣಿಗೆ ಎಷ್ಟು ಒಗ್ಗಿಹೋಯಿತೆಂದರೆ 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತು ದೊರೆಯಿತು. ರೋಮಿನ ದೀನಾರ ಸಂಸ್ಕೃತವಾದ ಹಾಗೆ!

ಚಪ್ಪರದ ಕೆಳಗೆ ಹೋದರೆ ತಲೆ ಬಗ್ಗಿಸಬೇಕು. ಕಲ್ಲುಕಂಬ, ಮೇಲೆ ತಂತಿಯ ಜಾಲ, ಅದರ ಮೇಲೆ ಎಲೆಯ ಸೂರು, ಕೆಳಗೆ ಗೊಂಚಲು. ರೋಮನರೂ ಹೀಗೆ ಬಳ್ಳಿ ಹಬ್ಬಿಸುತ್ತಿದ್ದರು. ಅವರಲ್ಲಿ ಕೃಷಿ ಗ್ರಂಥ ಬರೆದ ವಾರೋ ಎಂಬವನು ಬಳ್ಳಿ ಕಟ್ಟುವ ಬಗೆಗಳನ್ನು ಹೇಳುವಾಗ ಮನೆಯ ಅಂಗಳದ ಸೂರಿನಂತೆ ಕಟ್ಟುವ ಇಂಥ ಚಪ್ಪರವನ್ನೂ ಹೆಸರಿಸುತ್ತಾನೆ. ವ್ಯತ್ಯಾಸವಿರುವುದು ಹವೆಯಲ್ಲಿ. ಅಲ್ಲಿ ಚಳಿಗಾಲ ಬಳ್ಳಿಯನ್ನು ಮಲಗಿಸುತ್ತದೆ, ವಸಂತ ಎಬ್ಬಿಸುತ್ತದೆ, ವರ್ಷಕ್ಕೊಂದು ಫಸಲು. ನಮ್ಮಲ್ಲಿ ಆ ಚಳಿಯಿಲ್ಲ, ಬಳ್ಳಿಗೆ ನಿದ್ದೆಯಿಲ್ಲ. ಆದ್ದರಿಂದ ರೈತನ ಕತ್ತರಿಯೇ ಚಳಿಗಾಲ. ಕೊಂಬೆ ಸವರಿದ ಮೇಲೆ ಹೊಸ ಚಿಗುರು, ಚಿಗುರಿನಲ್ಲಿ ಹೂ, ಕಾಯಿ. ಹೀಗೆ ಎರಡು ಸಲ ಸವರಿ ಬೆಂಗಳೂರು ನೀಲಿಯಿಂದ ವರ್ಷಕ್ಕೆ ಎರಡು ಫಸಲು ತೆಗೆಯುತ್ತಾರೆ. ಎಷ್ಟು ಕಣ್ಣು ಬಿಟ್ಟು ಎಲ್ಲಿ ಕತ್ತರಿಸಬೇಕೆಂಬುದು ಕೈಗೆ ಬರಬೇಕಾದ ವಿದ್ಯೆ. ರೈತರನ್ನೇ ಕೇಳಿ, ಅವರು ಒಂದು ಕೊಂಬೆ ಹಿಡಿದು ತೋರಿಸಿದರೆ ಸಸ್ಯಶಾಸ್ತ್ರದ ಒಂದು ತಿಂಗಳ ಪಾಠ. ಎಲೆಗಳ ಮೇಲೆ ತಿಳಿನೀಲಿ ಕಲೆ ಕಂಡರೆ ಅದು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಊರಿನ ಪ್ರೊಫೆಸರ್ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಮದ್ದು. ದಾರಿಹೋಕರು ಹಣ್ಣು ಕದಿಯದಿರಲೆಂದು ಅಲ್ಲಿಯ ರೈತರು ರಸ್ತೆಯಂಚಿನ ಬಳ್ಳಿಗೆ ಇದನ್ನು ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದ್ದನ್ನು ಅವರು ಗಮನಿಸಿದರು.

ನೀರಿನ ಪ್ರಶ್ನೆ ಕೇಳದೆ ತೋಟದಿಂದ ಹೊರಡಬೇಡಿ. ಕೊಳವೆಬಾವಿ ಎಷ್ಟು ಅಡಿ, ಹಿಂದೆ ಎಷ್ಟಿತ್ತು ಎಂದು ವಿದ್ಯಾರ್ಥಿಗಳು ಕೇಳಿ ಬರೆದುಕೊಳ್ಳಲಿ. ಈ ಸೀಮೆಯಲ್ಲಿ ತುಂಬಿ ಹರಿಯುವ ಹೊಳೆಯಿಲ್ಲ, ಕೆರೆಗಳೇ ಆಧಾರವಾಗಿದ್ದವು. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಪ್ರಾರಂಭವಾದಂದಿನಿಂದ ಜಮೀನಿನ ಬೆಲೆ ಏರಿ, ಎಷ್ಟೋ ಚಪ್ಪರಗಳ ಕಂಬ ಕಿತ್ತು ನಿವೇಶನದ ಕಲ್ಲು ನೆಟ್ಟಿದ್ದಾರೆ. ತೋಟವನ್ನು ಉಳಿಸಿಕೊಳ್ಳಿ ಎಂದು ರೈತರಿಗೆ ಉಪದೇಶಿಸಲು ಜಯನಗರದವರಿಗೆ ಬಾಯಿಲ್ಲ. ನಮ್ಮ ಬಡಾವಣೆ 1948ರಲ್ಲಿ ಎದ್ದದ್ದೂ ಹಳ್ಳಿಗಳ ನೆಲದ ಮೇಲೆಯೇ. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳನ್ನು ಬಿಡಿಸಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರು ಹೊರಬರುತ್ತವೆ. ಅದರಲ್ಲಿ ಒಂದರ ಹೆಸರಿನಲ್ಲಿಯೇ ಕೆರೆಯಿದೆ. ಬಸ್ಸು ಹತ್ತುವ ಮುನ್ನ ಈ ತೋಟದ ನಕ್ಷೆಯನ್ನೂ ಹುಡುಗರು ಚಂದ್ರವಳ್ಳಿಯ ನಕ್ಷೆಯಷ್ಟೇ ಶ್ರದ್ಧೆಯಿಂದ ಬರೆಯಲಿ: ಎಷ್ಟು ಸಾಲು, ಕಂಬದಿಂದ ಕಂಬಕ್ಕೆ ಎಷ್ಟು ಹೆಜ್ಜೆ, ಬಾವಿ ಎಲ್ಲಿ, ಕಾವಲಿನ ಗುಡಿಸಲು ಎಲ್ಲಿ. ಇಲ್ಲಿಯ ಕೆಂಪು ಮಣ್ಣಿನ ಮೇಲೆ ಬೂದಿ ಸುರಿಯುವ ಪರ್ವತವಿಲ್ಲ. ಬೇರಿನ ಪೊಳ್ಳು ಕಾದಿಡುವವರಿಲ್ಲ.

ಕೆಲವು ವ್ಯವಹಾರದ ಮಾತು. ತೋಟದವರಿಗೆ ವಾರ ಮುಂಚೆ ಹೇಳಿ ಒಪ್ಪಿಗೆ ಪಡೆಯಿರಿ. ಹಣ್ಣಿರುವ ಕಾಲವೇ ಎಂದು ಕೇಳಿಕೊಳ್ಳಿ. ಒಂದೊಂದು ತೋಟದಲ್ಲಿ ಕತ್ತರಿ ಹಾಕುವ ದಿನ ಒಂದೊಂದು. ಔಷಧಿ ಹೊಡೆದ ವಾರವಾದರೆ ಹಣ್ಣಿಗೆ ಕೈಹಾಕಗೊಡುವುದಿಲ್ಲ, ಹುಡುಗರಿಗೆ ಮೊದಲೇ ತಿಳಿಸಿಡಿ. ತಿಂದದ್ದಕ್ಕೂ ಕೊಂಡದ್ದಕ್ಕೂ ಹಣ ಕೊಡಿ, ಮಾರುಕಟ್ಟೆಯ ಬೆಲೆಗೆ, ಚೌಕಾಶಿಯಿಲ್ಲದೆ. ಆರೂವರೆಗೆ ಹೊರಟರೆ ಯಲಹಂಕ, ಹೆಬ್ಬಾಳದ ಜನಜಂಗುಳಿ ದಾಟಿ ಒಂಬತ್ತರ ವೇಳೆಗೆ ಜಯನಗರ. ಹಣ್ಣಿನ ಬುಟ್ಟಿಗಳನ್ನು ಬಸ್ಸಿನ ಹಿಂದುಗಡೆ ಇಡಿಸಿ. ಮುಂದೆ ಇಟ್ಟರೆ ರಾಜಾನುಕುಂಟೆ ಬರುವಷ್ಟರಲ್ಲಿ ಬುಟ್ಟಿ ಮಾತ್ರ ಉಳಿದಿರುತ್ತದೆ.